ಹೊಸಬರ ತರಗತಿಯ ಏಳನೆಯ ವರ್ಷ

ನಮ್ಮ ಪೇಟೆಯ ಹಿರಿಯರ ವಿದ್ಯಾಲಯದಲ್ಲಿ ಎರ್ಹು ವಾದ್ಯದ ಹೊಸಬರ ತರಗತಿಗೆ ನಾನು ಮಾನಿಟರ್. ಹೊಸಬರಾಗಿ ಇದು ನಮ್ಮ ಏಳನೆಯ ವರ್ಷ. ತೊಡೆಯ ಮೇಲಿಟ್ಟು ಕಮಾನು ಎಳೆಯುವ, ಎರಡೇ ತಂತಿಯ ವಾದ್ಯಕ್ಕೆ ಏಳು ವರ್ಷ ಬೇಕೇ ಎಂದು ಕೇಳುವವರು ಇನ್ನೂ ನಿವೃತ್ತರಾಗಿಲ್ಲ ಎಂದು ತಿಳಿಯಬೇಕು. ನಿವೃತ್ತನಿಗೆ ಒಮ್ಮೆ ಒಂದು ಜಾಗ ಸಿಕ್ಕಿದರೆ ಅದನ್ನು ಬಿಟ್ಟುಕೊಡುವುದು ಮೂರ್ಖತನ.

ತರಗತಿ ನಡೆಯುವುದು ಫೋನಿನಲ್ಲಿ. ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದಲೇ ಕಲಿಯಿರಿ ಎಂದರು. ಆ ಕಾಲ ಕಳೆದ ಮೇಲೆ ವಿದ್ಯಾಲಯದ ಮೆಟ್ಟಿಲು ಹತ್ತಲು ನಮ್ಮ ಮಂಡಿಗಳು ಒಪ್ಪಲಿಲ್ಲ. ಗುರುವಾರ ಬೆಳಿಗ್ಗೆ ಮೆಂಗ್ ಟೀಚರ್ ತಮ್ಮ ಅಡುಗೆಮನೆಯಲ್ಲಿ ಕೂತು ಕಲಿಸುತ್ತಾರೆ. ನಾವು ನಮ್ಮ ನಮ್ಮ ಕೋಣೆಗಳಲ್ಲಿ ಕೂತು ಕಲಿಯದೆ ಇರುತ್ತೇವೆ. ಪಾಠ ಮುಗಿದ ಮೇಲೆ ಫೋನಿನ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಗುಲಾಬಿ ಹೂವಿನ ಚಿತ್ರ ಕಳಿಸುತ್ತೇವೆ. ಯಾರು ಹೇಗೆ ನುಡಿಸಿದರೂ ಗುಲಾಬಿಯೇ. ಇಲ್ಲಿ ಯಾರಿಗೂ ಯಾರೂ ‘ಚೆನ್ನಾಗಿಲ್ಲ’ ಎಂದದ್ದಿಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ಉಪವಿಭಾಗದ ಉಪಮುಖ್ಯಸ್ಥನಾಗಿದ್ದವನು. ಅಲ್ಲಿ ಕೊಳಾಯಿಗಳನ್ನು ಬಿಟ್ಟರೆ ಯಾರೂ ನನಗೆ ಎದುರಾಡುತ್ತಿರಲಿಲ್ಲ. ಹಾಗಾಗಿ ಮಾನಿಟರ್ ಕೆಲಸವನ್ನು ಕಟ್ಟುನಿಟ್ಟಾಗಿ ಮಾಡುತ್ತೇನೆ. ‘ಪು ಅಣ್ಣ, ನಿಮ್ಮ ಮುಖದ ಬದಲು ಚಾವಣಿ ದೀಪ ಕಾಣ್ತಿದೆ.’ ‘ಯಾರ ಮನೇದು ಆ ಬಾಣಲೆ ಸದ್ದು? ಮೈಕ್ ಆಫ್ ಮಾಡಿ.’ ಮೈಕಿನ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಒಮ್ಮೆ ಟೀಚರಿಗೇ ಹೇಳಿದ್ದೇನೆ.

ಈ ವಸಂತದಲ್ಲಿ ವಿದ್ಯಾಲಯದ ಕಚೇರಿಯಿಂದ ಪ್ರಕಟಣೆ ಬಂತು. ಸೇರಲು ಕಾಯುತ್ತಿರುವವರ ಸಾಲು ಉದ್ದವಾಗಿದೆಯಂತೆ. ಆದ್ದರಿಂದ ಪರೀಕ್ಷೆ. ಪಾಸಾದವರಿಗೆ ಕೆಂಪು ರಟ್ಟಿನ, ದುಂಡು ಮೊಹರಿನ ಪ್ರಮಾಣಪತ್ರ ಕೊಟ್ಟು ಗೌರವದಿಂದ ಬೀಳ್ಕೊಡಲಾಗುವುದು. ಫೇಲಾದವರು ಅದೇ ತರಗತಿಯಲ್ಲಿ ಮುಂದುವರಿಯಬಹುದು. ಮೇಲಿನ ತರಗತಿ ಎಂಬುದು ಇಲ್ಲ, ಏಕೆಂದರೆ ಈವರೆಗೆ ಯಾರೂ ಮೇಲೆ ಹೋಗಿರಲಿಲ್ಲ.

ಅಂದರೆ ಚೆನ್ನಾಗಿ ನುಡಿಸಿದವನು ಮನೆಗೆ. ನಾವೆಲ್ಲ ಮನೆಯಲ್ಲೇ ಇದ್ದೆವು ನಿಜ. ಆದರೆ ಗುರುವಾರವಿಲ್ಲದ ಮನೆ ಬೇರೆ.

ನಾನು ಕೂಡಲೇ ಟೀಚರ್ ಇಲ್ಲದ ಇನ್ನೊಂದು ಗುಂಪು ಮಾಡಿದೆ. ಯಾರ ಮನೆಯವರೂ ಅನುಮಾನಪಟ್ಟು ತೆರೆಯದಿರಲಿ ಎಂದು ಅದಕ್ಕೆ ‘ಜೀರ್ಣಕ್ರಿಯೆಗೆ ಸಲಹೆಗಳು’ ಎಂದು ಹೆಸರಿಟ್ಟೆ. ತೀರ್ಮಾನ ಸರ್ವಾನುಮತದಿಂದ ಆಯಿತು: ಎಲ್ಲರೂ ಫೇಲಾಗುವುದು.

‘ಅತಿ ಮಾಡ್ಬೇಡಿ,’ ಎಂದು ನಾನು ಸೂಚನೆ ಕೊಟ್ಟೆ. ‘ಸಹಜವಾಗಿ ಕೆಡಿಸಿ.’

‘ನಂಗೆ ಕಷ್ಟ ಮಾನಿಟರ್ರೇ,’ ಎಂದರು ಪು ಅಣ್ಣ. ಇವರು ಊರಿನ ನಾಟಕ ತಂಡದಲ್ಲಿ ಜೀವನವಿಡೀ ಎರ್ಹು ನುಡಿಸಿ ನಿವೃತ್ತರಾದವರು. ಗುರುವಾರ ಹೆಂಡತಿಯ ಗೆಳತಿಯರು ಮಾಜಾಂಗ್ ಆಡಲು ಬರುವುದರಿಂದ ಬಾಲ್ಕನಿಯಲ್ಲಿ ಕೂರಲು ಒಂದು ನೆಪ ಬೇಕೆಂದು ಹೊಸಬರ ತರಗತಿ ಸೇರಿದ್ದರು. ‘ಕೈ ತಾನಾಗೇ ಸರಿಯಾದ ಜಾಗಕ್ಕೆ ಹೋಗ್ಬಿಡತ್ತೆ.’

‘ಅಭ್ಯಾಸ ಮಾಡಿ,’ ಎಂದೆ.

ಈ ಎರಡನೆಯ ಗುಂಪಿಗೆ ಗುಯ್‌ಮೆಯ್ ಅಕ್ಕನನ್ನು ಸೇರಿಸಿರಲಿಲ್ಲ. ಆಕೆ ನಮ್ಮ ಮನೆಯ ಮೇಲಿನ ಮಹಡಿಯವರು. ರೇಷ್ಮೆ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈಹಾಕಿ ಗೂಡಿನಿಂದ ನೂಲು ತೆಗೆದು ತೆಗೆದು ಬೆರಳ ತುದಿಗಳು ಮರಗಟ್ಟಿವೆ. ತಂತಿ ಎಲ್ಲಿ ಒತ್ತಬೇಕೆಂದು ಮುಟ್ಟಿದರೆ ತಿಳಿಯದು. ಅದಕ್ಕೆ ವಾದ್ಯದ ಕೋಲಿನ ಮೇಲೆ ಉಗುರುಬಣ್ಣದಿಂದ ಚುಕ್ಕೆ ಇಟ್ಟುಕೊಂಡಿದ್ದಾರೆ. ತರಗತಿಯಲ್ಲಿ ಅತಿ ಹಿಂದಿನವರು ಯಾರೆಂದು ಕೇಳಿದರೆ ಗುಲಾಬಿ ಕಳಿಸುವ ನಾವೆಲ್ಲ ಒಂದೇ ಹೆಸರು ಹೇಳುತ್ತಿದ್ದೆವು.

‘ಅವ್ರಿಗೂ ಒಂದು ಮಾತು ಹೇಳ್ರೀ,’ ಎಂದಳು ನನ್ನ ಹೆಂಡತಿ ಪೆಯ್‌ಝೆನ್.

‘ಅವರು ಫೇಲಾಗೋಕೆ ನಮ್ಮ ಸಹಾಯ ಬೇಕಿಲ್ಲ.’

‘ಮೇಲೆ ಕಿವಿಗೊಟ್ಟು ಕೇಳಿದ್ದೀರಾ ಈಚೆಗೆ? ಮೊದಲು ಬಾಗಿಲು ಕಿರ್ರ್ ಅಂದಹಾಗೆ ಇರ್ತಿತ್ತು. ಎಣ್ಣೆ ಹಾಕೋಣ ಅಂತಿದ್ದೆ. ಈಗ ಬಾಗಿಲು ಹಾಡ್ತಿದೆ.’

ಹೆಂಡತಿಗೆ ಸಂಗೀತ ತಿಳಿಯದು. ಆದ್ದರಿಂದ ನಾನು ಕಿವಿಗೊಡಲಿಲ್ಲ.

ಪರೀಕ್ಷೆಗೆ ಸ್ವಲ್ಪ ದಿನ ಮುಂಚೆ ಗುಯ್‌ಮೆಯ್ ಅಕ್ಕ ಒಂದು ಬಟ್ಟಲು ಹೆಸರುಕಾಳಿನ ಪಾಯಸ ಹಿಡಿದು ಕೆಳಗೆ ಬಂದರು. ಪ್ರಮಾಣಪತ್ರ ತೂಗುಹಾಕಲು ಸುತ್ತಿಗೆ ಬೇಕಿತ್ತಂತೆ.

‘ಪರೀಕ್ಷೆನೇ ಆಗಿಲ್ಲ, ಆಗ್ಲೇ ಮೊಳೆ ಹೊಡೀತೀರಾ?’ ಎಂದು ಪೆಯ್‌ಝೆನ್ ರೇಗಿಸಿದಳು.

‘ಇಲ್ಲ ತಂಗಿ, ಹೊಡೆಯಲ್ಲ. ಹತ್ರ ಇಟ್ಕೊಂಡಿದ್ರೆ ಒಂದು ಧೈರ್ಯ.’ ಆಕೆ ಕುರ್ಚಿಯ ತುದಿಯಲ್ಲಿ ಕೂತರು. ‘ನಮ್ಮ ಗೋಡೆ ನೋಡಿದ್ದೀರಲ್ಲ. ಮೊಮ್ಮಕ್ಕಳಿಗೆ ಶಾಲೇಲಿ ಕೊಟ್ಟ ಪ್ರಮಾಣಪತ್ರಗಳೇ ಅಂಟ್ಸಿರೋದು. ಓಟಕ್ಕೊಂದು, ಕಸ ಗುಡಿಸಿದ್ದಕ್ಕೊಂದು. ನಮ್ಮನೆ ನಾಯಿಗೂ ಒಂದಿದೆ, ಚುಚ್ಚುಮದ್ದಿಂದು. ನಾನು ಓದೋ ವಯಸ್ಸಲ್ಲಿ ಶಾಲೆ ಮುಚ್ಚಿದ್ರು. ತೆರೆಯೋ ಹೊತ್ತಿಗೆ ನನ್ನ ಕೈ ಬಿಸಿನೀರಲ್ಲಿತ್ತು. ನನ್ನ ಹೆಸರಿರೋ ಒಂದು ಕಾಗದ ಬೇಕು ಮಾನಿಟರ್ರೇ. ಬೇರೇನಿಲ್ಲ.’

‘ಹೂಂ,’ ಎಂದೆ.

‘ಪಾಸಾದ್ರೆ ಮುಂದಿನ ಕ್ಲಾಸು ಯಾವ ವಾರ ಇರತ್ತೆ?’

ಪ್ರಕಟಣೆಯಲ್ಲಿ ಆಕೆ ಓದಿದ್ದು ಕೆಂಪು ರಟ್ಟಿನವರೆಗೆ ಮಾತ್ರ. ಪೆಯ್‌ಝೆನ್ ನನ್ನ ಕಡೆ ನೋಡಿದಳು. ಆಗ ನಾನು ಹೇಳಬಹುದಿತ್ತು. ಆದರೆ ಬಾಯಿ ಬಿಟ್ಟರೆ ನಮ್ಮ ಗುಂಪಿನ ವಿಷಯವೂ ಹೊರಬೀಳುತ್ತಿತ್ತು. ಹೇಗೂ ಆಕೆ ಪಾಸಾಗುವವರಲ್ಲ ಎಂಬ ನಂಬಿಕೆ ಬೇರೆ.

‘ಮೊದ್ಲು ಪಾಸಾಗಿ ಅಕ್ಕ,’ ಎಂದೆ. ಪಾಯಸ ಚೆನ್ನಾಗಿತ್ತು.

ಪರೀಕ್ಷೆಯ ದಿನ ಫೋನಿನಲ್ಲೇ ಒಬ್ಬೊಬ್ಬರಾಗಿ ನುಡಿಸಿದೆವು. ಅಂಥ ಕೆಟ್ಟ ಸಂಗೀತವನ್ನು ಅಷ್ಟು ಶಿಸ್ತಿನಿಂದ ನಮ್ಮೂರಿನಲ್ಲಿ ಯಾರೂ ನುಡಿಸಿರಲಾರರು. ನಿವೃತ್ತ ನರ್ಸೊಬ್ಬರು ಕಮಾನಿಗೆ ರಾಳವನ್ನೇ ಹಚ್ಚದೆ ಕೂತಿದ್ದರು. ಕೈ ಆಡಿತು, ಸದ್ದು ಬರಲಿಲ್ಲ. ಪು ಅಣ್ಣ ಅರ್ಧದವರೆಗೆ ಚೆನ್ನಾಗಿ ಕೆಡಿಸಿ, ಆಮೇಲೆ ಮೈಮರೆತು ಒಂದು ಸಾಲನ್ನು ಎಷ್ಟು ಇಂಪಾಗಿ ಎಳೆದರೆಂದರೆ ನನ್ನ ಎದೆ ಧಸಕ್ಕೆಂದಿತು. ಅವರಿಗೂ ಗೊತ್ತಾಯಿತು. ಜೋರಾಗಿ ಕೆಮ್ಮಿ ಕಮಾನನ್ನು ಬೀಳಿಸಿದರು.

ನನ್ನ ಸರದಿ ಮುಗಿದ ಮೇಲೆ ಪೆಯ್‌ಝೆನ್ ಬಾಗಿಲಿಂದ ಇಣುಕಿದಳು.

‘ಏನ್ರೀ, ಕೆಡಿಸೋಕೆ ಮರೆತ್ರಾ? ದಿನಾ ಬಾರಿಸೋ ಹಾಗೇ ಇತ್ತಲ್ಲ.’

‘ಕೆಡಿಸಿದೆನಲ್ಲ,’ ಎಂದೆ. ಅವಳಿಗೆ ಸಂಗೀತ ತಿಳಿಯದು ಎಂದು ಆಗಲೇ ಹೇಳಿದ್ದೇನೆ.

ಕೊನೆಗೆ ಗುಯ್‌ಮೆಯ್ ಅಕ್ಕ. ಮದುವೆಗೆ ಹೊರಟವರಂತೆ ಕೆಂಪು ಸ್ವೆಟರ್ ಹಾಕಿ, ಕೂದಲು ಒತ್ತಿ ಬಾಚಿದ್ದರು. ನಿಧಾನವಾಗಿ ನುಡಿಸಿದರು. ಒಂದೊಂದು ಸ್ವರಕ್ಕೂ ಮೊದಲು ಕಣ್ಣು ಚುಕ್ಕೆಯನ್ನು ಹುಡುಕುತ್ತಿತ್ತು. ಸಿಕ್ಕಿದ ಮೇಲೆ ಬೆರಳು ಅಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಒಂದು ಸ್ವರವೂ ಬಿಟ್ಟುಹೋಗಲಿಲ್ಲ, ಕೊನೆಯದಂತೂ ಉದ್ದಕ್ಕೆ, ನಡುಗದೆ ನಿಂತಿತು. ಮುಗಿದ ಮೇಲೆ ಯಾರೂ ಗುಲಾಬಿ ಕಳಿಸಲಿಲ್ಲ. ಕಳಿಸಲು ಮರೆತಿದ್ದೆವು. ಮೆಂಗ್ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು.

ಆಕೆಯೊಬ್ಬರೇ ಪಾಸು. ಆಮೇಲೆ ಗುಂಪಿನಲ್ಲಿ ಗುಲಾಬಿಗಳ ಸುರಿಮಳೆಯೇ ಆಯಿತು. ‘ಎಲ್ಲಾ ನಿಮ್ಮಗಳ ಆಶೀರ್ವಾದ. ಮುಂದಿನ ಗುರುವಾರ ಎಲ್ರಿಗೂ ಬಾರಿಸಿ ಕೇಳಿಸ್ತೀನಿ,’ ಎಂದು ಗುಯ್‌ಮೆಯ್ ಅಕ್ಕ ಧ್ವನಿ ಕಳಿಸಿದರು. ನಾನೂ ಒಂದು ಗುಲಾಬಿ ಕಳಿಸಿದೆ. ಕಳಿಸಿ ಫೋನನ್ನು ಮಗುಚಿಟ್ಟೆ.

ಪ್ರಮಾಣಪತ್ರ ಬಂದ ದಿನ ಆಕೆ ಅದನ್ನು ಎದೆಗವಚಿಕೊಂಡು ಕೆಳಗೆ ಬಂದರು. ಇನ್ನೊಂದು ಕೈಯಲ್ಲಿ ಫೋನಿತ್ತು.

‘ಮಾನಿಟರ್ರೇ, ಒಂಚೂರು ನೋಡಿ. ಬೆಳಿಗ್ಗೆಯಿಂದ ನಮ್ಮ ಗುಂಪೇ ಕಾಣ್ತಿಲ್ಲ. ಎಲ್ಲೋ ಏನೋ ಒತ್ತಿಬಿಟ್ಟೆ ಅನ್ಸತ್ತೆ. ಫೋನ್ ಕೆಟ್ಟಿದೆಯಾ?’

ಫೋನ್ ಕೆಟ್ಟಿರಲಿಲ್ಲ. ಕಚೇರಿಯವರು ಆಕೆಯನ್ನು ತೆಗೆದಿದ್ದರು. ನಾನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹಿಂಬದಿಯನ್ನೂ ನೋಡಿದೆ. ಪೆಯ್‌ಝೆನ್ ಅಡುಗೆಮನೆಯಲ್ಲಿ ನೀರಿನ ಕೊಳಾಯಿ ನಿಲ್ಲಿಸಿ ಕಾದಳು. ಬೇರೆ ದಾರಿ ಇಲ್ಲದೆ ಎಲ್ಲವನ್ನೂ ಹೇಳಿದೆ: ಪಾಸಾದವರಿಗೆ ಜಾಗವಿಲ್ಲ ಎಂಬುದನ್ನೂ, ಮುಂದಿನ ತರಗತಿ ಇಲ್ಲ ಎಂಬುದನ್ನೂ, ಉಳಿದವರೆಲ್ಲ ಯಾಕೆ ಹಾಗೆ ನುಡಿಸಿದರೆಂಬುದನ್ನೂ.

ಆಕೆ ಬಹಳ ಹೊತ್ತು ಕೆಂಪು ರಟ್ಟನ್ನೇ ನೋಡಿದರು.

‘ಕ್ಲಾಸ್ ಹೋದ್ರೆ ಹೋಗ್ಲಿ,’ ಎಂದರು. ‘ಆದ್ರೆ ಒಂದು ಹೇಳಿ. ನಾನು ಪಾಸಾಗಿದ್ದು ಚೆನ್ನಾಗಿ ಬಾರಿಸಿದ್ದಕ್ಕಾ, ನೀವೆಲ್ಲ ಕೆಡಿಸಿದ್ದಕ್ಕಾ?’

‘ಚೆನ್ನಾಗೇ ಬಾರಿಸಿದ್ರಿ ಅಕ್ಕ.’

‘ನೀವು ಏಳು ವರ್ಷದಿಂದ ಎಲ್ರಿಗೂ ಹಾಗೇ ಹೇಳ್ತೀರಿ.’

ನನಗೆ ನಾಚಿಕೆಯಾಯಿತು. ಉಪಮುಖ್ಯಸ್ಥನಾಗಿದ್ದಾಗ ಇಡೀ ಪೇಟೆಗೆ ನೀರು ನಿಂತಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ.

ಪ್ರಮಾಣಪತ್ರವನ್ನು ಆಕೆ ಗೋಡೆಗೆ ಹಾಕಲಿಲ್ಲ. ಉಪ್ಪಿನಕಾಯಿ ಜಾಡಿಯ ಕೆಳಗೆ ಮಗುಚಿ ಇಟ್ಟಿದ್ದಾರೆಂದು ಪೆಯ್‌ಝೆನ್ ನೋಡಿಬಂದು ಹೇಳಿದಳು. ಸುತ್ತಿಗೆ ಅಲ್ಲೇ ಬಾಗಿಲ ಹಿಂದೆ ಬಿದ್ದಿತ್ತಂತೆ. ವಾಪಸ್ ಕೇಳಲು ಅವಳಿಗೆ ಬಾಯಿ ಬರಲಿಲ್ಲ, ಕೊಡಲು ಅವರಿಗೆ ನೆನಪಾಗಲಿಲ್ಲ. ನನಗಂತೂ ಹೆಂಡತಿ ಅವತ್ತಿನಿಂದ ಬರೀ ಗಂಜಿ ಹಾಕುತ್ತಿದ್ದಳು. ಜೀರ್ಣಕ್ರಿಯೆಗೆ ಒಳ್ಳೆಯದಂತೆ.

ಮುಂದಿನ ಗುರುವಾರ ತರಗತಿ ಎಂದಿನಂತೆ ಶುರುವಾಯಿತು. ಆಕೆಯ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದರು, ಅವರ ಚಾವಣಿ ಕಾಣುತ್ತಿತ್ತು. ಸೆಖೆಯೆಂದು ನಾನು ಕಿಟಕಿ ತೆರೆದಿದ್ದೆ. ಟೀಚರ್ ಒಂದು ಸಾಲು ನುಡಿಸಿ, ‘ಗೊಂಗ್ ಅವ್ರೇ, ನೀವು ನುಡಿಸಿ ಈ ಸಾಲು,’ ಎಂದರು. ಗೊಂಗ್ ಎಂದರೆ ನಾನು. ಮೈಕ್ ಹಾಕಿ, ಕಮಾನಿಗೆ ರಾಳ ಉಜ್ಜುತ್ತಿದ್ದೆ. ಅಷ್ಟರಲ್ಲಿ ಅದೇ ಸಾಲು ಕಿಟಕಿಯಿಂದ ಬಂತು. ನಿಧಾನವಾಗಿ, ಒಂದೂ ಸ್ವರ ಬಿಡದೆ. ನಮ್ಮ ಫೋನಿನಿಂದ ಹೊರಟ ಪಾಠವನ್ನು ಕೇಳಿಸಿಕೊಂಡು ಮೇಲೆ ಯಾರೋ ನುಡಿಸುತ್ತಿದ್ದರು.

‘ಅಯ್ಯೋ ಗೊಂಗ್ ಅವ್ರೇ!’ ಎಂದರು ಟೀಚರ್. ‘ಎಷ್ಟು ಚೆನ್ನಾಗಿ ಬಂತು! ಮುಂದಿನ ಸಲ ನಿಮ್ಮನ್ನ ಪಾಸ್ ಮಾಡ್ಲೇಬೇಕು.’

ಏಳು ವರ್ಷದಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಹೊಗಳಿಕೆ. ಅದನ್ನು ಒಂದು ಕ್ಷಣ ಇಟ್ಟುಕೊಂಡೆ, ಸುಳ್ಳು ಹೇಳುವುದಿಲ್ಲ. ಬಾಗಿಲಲ್ಲಿ ಪೆಯ್‌ಝೆನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

‘ನಾನಲ್ಲ ಟೀಚರ್,’ ಎಂದೆ. ‘ನನ್ನ ಕಮಾನು ಇನ್ನೂ ತಂತಿ ಮುಟ್ಟಿಲ್ಲ. ಅದು ಮೇಲಿನ ಮನೆ ಗುಯ್‌ಮೆಯ್ ಅಕ್ಕ.’

ಟೀಚರ್ ತಮ್ಮ ಕಮಾನನ್ನು ಕೆಳಗಿಟ್ಟರು. ‘ಪರೀಕ್ಷೆ ದಿನ ನೀವೆಲ್ಲ ಬೇಕೂಂತ ಕೆಡಿಸಿದ್ರಿ ಅಂತ ನಂಗೊತ್ತು,’ ಎಂದರು. ‘ಏಳು ವರ್ಷದಿಂದ ನಿಮ್ಮೊಬ್ಬೊಬ್ಬರ ತಪ್ಪೂ ನಂಗೆ ಬಾಯಿಪಾಠ. ಅವತ್ತು ಮಾಡಿದ್ದು ನಿಮ್ಮ ತಪ್ಪುಗಳೇ ಅಲ್ಲ. ಗೊಂಗ್ ಅವ್ರದ್ದು ಮಾತ್ರ ನಿಜವಾದ್ದು.’

ಪರದೆಯಲ್ಲಿ ಪು ಅಣ್ಣ ಮುಖ ಬಿಟ್ಟು ಚಾವಣಿ ತೋರಿಸಿದರು. ನನ್ನ ಹಿಂದೆ ಪೆಯ್‌ಝೆನ್ ಏಪ್ರನ್ ಬಾಯಿಗೊತ್ತಿಕೊಂಡು ನಕ್ಕಳು.

‘ಆದ್ರೆ ಗುಯ್‌ಮೆಯ್ ಅವ್ರು,’ ಎಂದು ಟೀಚರ್ ಮುಂದುವರಿಸಿದರು, ‘ನೀವೆಲ್ಲ ಮನಸಿಟ್ಟು ನುಡಿಸಿದ್ರೂ ಪಾಸೇ. ನಾನು ಅವರನ್ನ ನಿಮ್ಮ ಜೊತೆ ಹೋಲಿಸಿ ನೋಡೇ ಇಲ್ಲ.’

ಫೋನಿನ ಸದ್ದು ಸಾಲದಿತ್ತು. ನಾನು ಅದನ್ನು ಪೂರ್ತಿ ಏರಿಸಿ, ಎದ್ದು ಹೋಗಿ ಕಿಟಕಿಯ ಹೊರಗೆ ಕೈ ಚಾಚಿ ಹಿಡಿದೆ.

‘ಟೀಚರ್, ನೆಟ್‌ವರ್ಕ್ ಸರಿ ಇಲ್ಲ,’ ಎಂದು ಕೂಗಿದೆ. ‘ಕೊನೇದು ಕೇಳಿಸ್ಲಿಲ್ಲ. ಇನ್ನೊಂದ್ಸಲ ಜೋರಾಗಿ ಹೇಳಿ.’

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಟೀಚರ್ ಇನ್ನೊಮ್ಮೆ ಹೇಳಿದರು, ಜೋರಾಗಿ, ಪಾಠ ಹೇಳುವ ಧ್ವನಿಯಲ್ಲಿ. ಅಂಗಳದಲ್ಲಿ ಹಾಸಿಗೆ ಒಣಗಿಸುತ್ತಿದ್ದವರೂ ತಲೆಯೆತ್ತಿದರು. ಮೇಲಿನ ಎರ್ಹು ನಿಂತುಹೋಯಿತು.

ನಾನು ಬಂದು ಕೂತೆ. ಕಮಾನೆತ್ತಿ ನನ್ನ ಸಾಲನ್ನು ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ತಲೆಯ ಮೇಲೆ ಠಪ್ ಠಪ್ ಎಂದು ಸದ್ದು ಶುರುವಾಯಿತು. ದೀಪ ಅಲುಗಾಡಿತು, ಚಾವಣಿಯ ಸುಣ್ಣ ಉದುರಿ ನನ್ನ ತೊಡೆಯ ಮೇಲೆ ಬಿತ್ತು.

‘ಅದೇನು ಸದ್ದು ಗೊಂಗ್ ಅವ್ರೇ?’ ಎಂದರು ಟೀಚರ್. ‘ಏನೂ ಕೇಳಿಸ್ತಿಲ್ಲ. ಸ್ವಲ್ಪ ಮೈಕ್ ಆಫ್ ಮಾಡ್ತೀರಾ?’

‘ಮೇಲಿನ ಮನೇಲಿ ಮೊಳೆ ಹೊಡೀತಿದ್ದಾರೆ ಟೀಚರ್,’ ಎಂದೆ. ಮೈಕ್ ಆಫ್ ಮಾಡಲಿಲ್ಲ.