ಬೀರುವಿನ ಆಚೆ, ಬೀರುವಿನ ಈಚೆ

ಇಂಗ್ಲಿಷ್ ವಿಭಾಗದ ಸುದ್ದಿಪತ್ರ ತಿಂಗಳಿಗೊಂದು ಬರುತ್ತಿತ್ತು. ಯಾರು ಎಲ್ಲಿ ಭಾಷಣ ಮಾಡಿದರು, ಯಾರ ಲೇಖನ ಅಚ್ಚಾಯಿತು, ಯಾರಿಗೆ ಡಾಕ್ಟರೇಟ್ ಬಂತು ಎಂದು ಅವರವರೇ ಬರೆದುಕೊಟ್ಟ ಸುದ್ದಿಯನ್ನೆಲ್ಲ ಎರಡು ಪುಟಕ್ಕೆ ಇಳಿಸಿ ಟೈಪ್ ಮಾಡುವವಳು, ಎಲ್ಲರೂ ಆಫೀಸಕ್ಕ ಎಂದು ಕರೆಯುತ್ತಿದ್ದ ಗುಮಾಸ್ತೆ. ಹನ್ನೊಂದು ವರ್ಷದಲ್ಲಿ ಆಕೆ ತಪ್ಪಿದ್ದು ಒಂದೇ ಸಲ. ಅದೂ ತಪ್ಪಬಾರದ ಜಾಗದಲ್ಲಿ.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಉಚ್ಚಾರಣೆ ಕಲಿಸುವ ಮೇಷ್ಟ್ರು, ನಾಟಕ ಕಲಿಸುವ ಮೇಡಂ ಇಬ್ಬರೂ ಕೂರುತ್ತಿದ್ದರು. ಮಾತು ಬಿಟ್ಟು ಎರಡು ವರ್ಷ. ಕಿಟಕಿ ತೆರೆದರೆ ರೆಕಾರ್ಡಿಂಗ್ ಕೇಳಿಸದು ಎಂದು ಮೇಷ್ಟ್ರು, ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದು ಮೇಡಂ. ಈಗ ನಡುವೆ ಒಂದು ಕಬ್ಬಿಣದ ಬೀರು ನಿಂತಿತ್ತು. ಪರೀಕ್ಷೆಯ ಪಾಳಿಯಿಂದ ಹಿಡಿದು ಸ್ಟೇಪ್ಲರ್‌ವರೆಗೆ ಎಲ್ಲ ಸಂದೇಶವೂ ಆಫೀಸಕ್ಕನ ಬಾಯಿಂದಲೇ ಹೋಗಿ ಬರಬೇಕಿತ್ತು.

ಆ ತಿಂಗಳು ಇಬ್ಬರೂ ಒಂದೇ ವಿಚಾರಸಂಕಿರಣಕ್ಕೆ ಹೊರಟಿದ್ದರು, ಬೇರೆ ಬೇರೆ ಪ್ರಬಂಧ ಹಿಡಿದು. ಸುದ್ದಿ ಎರಡು ಪುಟ ಮೀರಿತು. ಒಂದು ಸಾಲು ಕತ್ತರಿಸಲು ಹೋಗಿ ಆಫೀಸಕ್ಕ ಇಬ್ಬರ ಸುದ್ದಿಯನ್ನೂ ಒಂದಾಗಿಸಿಬಿಟ್ಟಳು: ಮೇಷ್ಟ್ರು, ಮೇಡಂ ಜೊತೆಯಾಗಿ ‘ರಂಗದ ಮೇಲಿನ ಮೌನ’ ಎಂಬ ಪ್ರಬಂಧ ಮಂಡಿಸಲಿದ್ದಾರೆ. ಪತ್ರ ಹಂಚಿದ ಮೇಲೆ ಅದು ಕಣ್ಣಿಗೆ ಬಿತ್ತು.

ಓಡಿಹೋಗಿ ಮುಖ್ಯಸ್ಥರ ಮುಂದೆ ನಿಂತಳು. ಅವರು ಆಗಲೇ ಸಂಕಿರಣದವರಿಗೆ ಫೋನ್ ಮಾಡಿ, ಇಬ್ಬರಿಗೂ ಸೇರಿ ಅರ್ಧ ಗಂಟೆ ಗೊತ್ತುಮಾಡಿಸಿ ಕೂತಿದ್ದರು.

“ಎರಡು ವರ್ಷ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕೊನೆಗೂ ಬುದ್ಧಿ ಬಂತಲ್ಲ ಇಬ್ಬರಿಗೂ,” ಎಂದರು.

ಆಫೀಸಕ್ಕ ತಪ್ಪು ಒಪ್ಪಿಕೊಳ್ಳದೆಯೇ ಕೊನೆಯ ಕೋಣೆಗೆ ಹೋದಳು. “ಸಾರ್, ಆ ಸುದ್ದಿ...”

“ನೋಡಿದೆ.” ಮೇಷ್ಟ್ರ ಕಿವಿ ಕೆಂಪಗಾಗಿತ್ತು. “ಬೇಡ ಅಂತ ನಾನಂತೂ ಹೇಳಲ್ಲ. ಮೊದಲ ಭಾಗ ಅವರೇ ಬರೀಲಿ ಅಂತ ಹೇಳಿ.”

ಆಕೆ ಬೀರು ಸುತ್ತಿ ಬಂದಳು. ಎಲ್ಲ ಕೇಳಿಸಿಕೊಂಡೇ ಕೂತಿದ್ದ ಮೇಡಂ, “ಬರೀತೀನಿ. ಆದರೆ ನನ್ನ ವಾಕ್ಯ ಮುಟ್ಟಬಾರದು ಅಂತ ಹೇಳಿ,” ಎಂದರು.

ಅಲ್ಲಿಂದ ವಾರವಿಡೀ ಬೀರುವಿಗೆ ಪ್ರದಕ್ಷಿಣೆ. ಹಾಳೆ ಆ ಕಡೆ ಹೋದರೆ ಮೈತುಂಬ ಕೆಂಪು ಗೀರು ಹೊತ್ತು ಈ ಕಡೆ ಬರುತ್ತಿತ್ತು. ಸಂಜೆ ಮನೆಗೆ ಬಂದು ಕಾಲು ನೀಡಿ ಕೂತ ಸೊಸೆಯನ್ನು ನೋಡಿ ಅತ್ತೆ, “ಅವರಿಬ್ಬರಿಗೂ ಬಾಯಿ ಇಲ್ವೇನಮ್ಮಾ? ಎರಡು ದಿನ ರಜಾ ಹಾಕು,” ಎಂದರು. ಹಾಕಿದಳು.

ಮೂರನೆಯ ದಿನ ಮೆಟ್ಟಿಲು ಹತ್ತುವಾಗಲೇ ಕೊನೆಯ ಕೋಣೆಯ ಗಲಾಟೆ ಕಿವಿಗೆ ಬಿತ್ತು. ಮುಖ್ಯಸ್ಥರು ಕಾರಿಡಾರಿನಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

“ಮತ್ತೆ ಜಗಳ ಶುರು ಮಾಡ್ಕೊಂಡ್ರಲ್ರೀ.”

“ಇಲ್ಲ ಸಾರ್, ಮಾತು ಶುರು ಮಾಡ್ಕೊಂಡಿದಾರೆ.”

ನಟ ಮಾತು ನಿಲ್ಲಿಸಿದ ಎಷ್ಟು ಹೊತ್ತಿಗೆ ಅದು ಮೌನ ಎನಿಸಿಕೊಳ್ಳುತ್ತದೆ ಎಂಬುದು ವ್ಯಾಜ್ಯ. ಎರಡು ಸೆಕೆಂಡಿಗೆ ಎಂದು ಮೇಷ್ಟ್ರು ಕೈಗಡಿಯಾರ ತೋರಿಸುತ್ತಿದ್ದರು. ಪ್ರೇಕ್ಷಕ ಕುರ್ಚಿಯಲ್ಲಿ ಮಿಸುಕಾಡಿದಾಗ ಎಂದು ಮೇಡಂ ಮೇಜು ಕುಟ್ಟುತ್ತಿದ್ದರು.

ಸಂಕಿರಣದ ವೇದಿಕೆಯಲ್ಲೂ ಅದೇ ವಾದ ಎದ್ದಿತಂತೆ. ಸಭಿಕರು ಅದನ್ನೂ ಪ್ರಬಂಧದ ಭಾಗವೆಂದೇ ತಿಳಿದು ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರಂತೆ. ಇನ್ನೆರಡು ಕಡೆಯಿಂದ ಕರೆಯೂ ಬಂತು.

ಆಫೀಸಕ್ಕನಿಗೆ ಮಾತ್ರ ತಪ್ಪು ಒಪ್ಪಿಕೊಳ್ಳದೆ ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ, ಮೇಷ್ಟ್ರು ಕ್ಲಾಸಿಗೆ ಹೋದ ಹೊತ್ತು ನೋಡಿ, ಮೇಡಂ ಮುಂದೆ ನಿಂತಳು. ಆಕೆ ಬಾಯಿ ತೆರೆಯುವ ಮೊದಲೇ ಮೇಡಂ ದನಿ ತಗ್ಗಿಸಿದರು.

“ನಿಜ ಹೇಳ್ಬೇಕಂದ್ರೆ ಅವರು ಕೆಟ್ಟವರಲ್ಲ ರೀ. ಇಬ್ಬರ ಹೆಸರೂ ಸೇರಿಸಿ ಸುದ್ದಿ ಕೊಟ್ರಲ್ಲ, ರಾಜಿ ಆಗೋಕೆ ಎಷ್ಟು ಒದ್ದಾಡಿರ್ಬೇಕು, ಪಾಪ.”

ಹಿಂದಿನ ದಿನವಷ್ಟೇ ಮೇಷ್ಟ್ರು ಇದೇ ಮಾತನ್ನು, ಇದೇ ‘ಪಾಪ’ ಸಮೇತ, ಮೇಡಂ ಬಗ್ಗೆ ಹೇಳಿದ್ದರು.

ಆಫೀಸಕ್ಕ ತುಟಿ ಕಚ್ಚಿ ನಗು ತಡೆದುಕೊಂಡಳು. “ಹೌದು ಮೇಡಂ, ಪಾಪ,” ಎಂದವಳೇ ತನ್ನ ಮೇಜಿಗೆ ಬಂದು, ಡಬ್ಬಿ ಬಿಚ್ಚಿ, ಕೊನೆಯ ತುತ್ತಿನವರೆಗೂ ನೆಮ್ಮದಿಯಾಗಿ ಉಂಡಳು.