ಗೋಡೆಗೆ ಮುಖ ಮಾಡಿದ ಕನ್ನಡಿ

ನಾನು ಒಂದು ಕನ್ನಡಿ. ಇಷ್ಟು ಹೇಳಿದರೆ ಸಾಕು, ನಿಮ್ಮ ಕೈ ಆಗಲೇ ತಲೆಗೂದಲಿಗೆ ಹೋಗಿರುತ್ತದೆ. ನನ್ನನ್ನು ನೋಡಲು ಯಾರೂ ಬರುವುದಿಲ್ಲ, ಬರುವುದೆಲ್ಲ ತಮ್ಮನ್ನು ನೋಡಿಕೊಳ್ಳಲು. ಆದ್ದರಿಂದ ಮನುಷ್ಯರ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಗಾಜಿನ ಅಂಗಡಿಯಲ್ಲಿ. ದೊಡ್ಡ ಹಾಳೆಯಿಂದ ನನ್ನನ್ನು ಕೊಯ್ದವನು ಬೀಡಿ ಕಚ್ಚಿಕೊಂಡೇ ಕೊಯ್ದ. ನನ್ನ ಎಡ ಅಂಚು ಇಂದಿಗೂ ಸೊಟ್ಟ. ಅದನ್ನು ಮುಚ್ಚಲು ಸಾಗುವಾನಿ ಚೌಕಟ್ಟು ಹಾಕಿದರು, ಅದೂ ಪೂರ್ತಿ ಮುಚ್ಚಲಿಲ್ಲ. ಕಸ್ತೂರಿ ಎಂಬ ಹುಡುಗಿಯ ಅಪ್ಪ ಮಗಳ ಮದುವೆಗೆಂದು ನನ್ನನ್ನು ಕೊಂಡ. ಹಾಸಿಗೆ, ಪಾತ್ರೆಗಳ ಜೊತೆ ಟೆಂಪೋ ಹತ್ತಿ ನಾನು ಬನಹಟ್ಟಿಯ ಒಂದು ಮಗ್ಗದ ಮನೆಗೆ ಬಂದೆ.

ಮನೆ ಎನ್ನುವುದು ಮರ್ಯಾದೆಯ ಮಾತು. ಆರು ಪವರ್‌ಲೂಮುಗಳ ನಡುವೆ ಉಳಿದ ಜಾಗದಲ್ಲಿ ಅವರು ಬದುಕುತ್ತಿದ್ದರು. ಬೆಳಗಾದರೆ ಖಟಖಟ ಸದ್ದು ಶುರು. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲವೆಂದು ಮನೆಯವರು ಅರ್ಧ ಮಾತನ್ನು ಕೈಯಲ್ಲೇ ಆಡುತ್ತಿದ್ದರು. ಐದು ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ, ಹೆಬ್ಬೆರಳು ತಂದರೆ ನೀರು. ಕಸ್ತೂರಿಯ ಅತ್ತೆ ನೀಲವ್ವ ಮಾತ್ರ ಕೈಯನ್ನೂ ಆಡಿಸುತ್ತಿದ್ದಳು, ಬಾಯಿಯನ್ನೂ ಬಿಡುತ್ತಿರಲಿಲ್ಲ.

ಮರುವರ್ಷ ಕಸ್ತೂರಿಗೆ ಹೆಣ್ಣು ಕೂಸು ಹುಟ್ಟಿತು. ದಾನೇಶ್ವರಿ ಎಂದು ಹೆಸರಿಟ್ಟು ದಾನಿ ಎಂದು ಕರೆದರು. ಐದು ತಿಂಗಳಿದ್ದಾಗ ಒಂದು ದಿನ ಕಸ್ತೂರಿ ಕೂಸನ್ನು ಎತ್ತಿ ನನಗೆ ತೋರಿಸಿದಳು. ಕೂಸು ನಕ್ಕಿತು. ಅಷ್ಟರಲ್ಲಿ ನೀಲವ್ವ ಬಂದಳು.

"ಹಲ್ಲ ಮೂಡದ ಕೂಸಿಗೆ ಕನ್ನಡಿ ತೋರಸ್ತಾರೇನ? ಇನ್ನ ಅದರ ಮಾತು ಹೋತು ತಿಳಿ."

ನನಗೆ ಮೈಯೆಲ್ಲ ಉರಿಯಿತು. ಮಗನ ಮದುವೆಯ ವಾರದಲ್ಲಿ ಇದೇ ಮುದುಕಿ ಮೂಗುತಿ ಸರಿಮಾಡಿಕೊಳ್ಳುತ್ತ ನನ್ನ ಮುಂದೆ ಅರ್ಧ ಗಂಟೆ ನಿಂತಿದ್ದಳು. ಆಗ ನಾನು ಶುಭ, ಈಗ ಅಪಶಕುನ.

ದಾನಿಗೆ ಎರಡು ತುಂಬಿತು. ಆ, ಊ ಬಿಟ್ಟರೆ ಬೇರೆ ಸ್ವರವಿಲ್ಲ. ಬೇಕಾದದ್ದನ್ನೆಲ್ಲ ಮನೆಯವರಂತೆ ಕೈಯಲ್ಲೇ ಕೇಳುತ್ತಿದ್ದಳು. ದಿನವಿಡೀ ನನ್ನ ಮುಂದೆ ಕೂತು ಸೊಟ್ಟ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ನನ್ನನ್ನು ನಿಜವಾಗಿ ನೋಡಿದವಳು ಅವಳೊಬ್ಬಳೇ.

ಕಸ್ತೂರಿಗೆ ಅನುಮಾನ ಹುಟ್ಟಿತು. "ಅತ್ತೀ, ಕೂಸಿಗೆ ಕೇಳಸ್ತದೋ ಇಲ್ಲೋ, ಒಮ್ಮೆ ದವಾಖಾನಿಗೆ ತೋರಸೂಣ್ರಿ" ಎಂದಳು.

"ದವಾಖಾನಿ ಯಾಕ? ನಾ ನೋಡತೇನಿ."

ಮಗ್ಗಕ್ಕೆ ರಜೆಯಿದ್ದ ದಿನ ನೀಲವ್ವ ಸ್ಟೀಲಿನ ತಾಟು, ಸೌಟು ಹಿಡಿದು ಕೂಸಿನ ಬೆನ್ನ ಹಿಂದೆ ನಿಂತಳು. ಕೂಸು ಎಂದಿನಂತೆ ನನ್ನ ಮುಂದೆ ಕೂತಿತ್ತು. ಎತ್ತಿದ ಸೌಟು ನನ್ನೊಳಗೆ ನಿಚ್ಚಳವಾಗಿ ಮೂಡಿತು. ಢಣ್ ಎಂದಿತು ತಾಟು, ದಾನಿ ತಿರುಗಿ ನೋಡಿದಳು.

"ನೋಡಿದೇನ? ಕಿವಿ ಚೊಲೊ ಅದಾವು. ಇದೆಲ್ಲಾ ನಿನ್ನ ಕನ್ನಡಿ ಮಾಡಿದ್ದು."

ಕೂಸು ಯಾವುದಕ್ಕೆ ತಿರುಗಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಬೈಗುಳಕ್ಕೆ ಸಿಟ್ಟಾಗುವುದರಲ್ಲೇ ನಾನು ಮುಳುಗಿದ್ದೆ.

ಅವತ್ತೇ ನನ್ನನ್ನು ಹರಿದ ಸೀರೆಯಲ್ಲಿ ಸುತ್ತಿ ನೂಲಿನ ಚೀಲಗಳ ಹಿಂದೆ ಒಗೆದರು. ಎರಡು ವರ್ಷ ಕತ್ತಲೆ. ಹೊರಗೆ ಹರಕೆ, ತಾಯಿತ, ಉಪವಾಸ ಎಲ್ಲವೂ ನಡೆದವು. ಯಾವುದೂ ಫಲಿಸದಿದ್ದಾಗ ಕಸ್ತೂರಿಗೆ ಬೈಗುಳ. ಅವಳ ಗಂಡ ಮಹಾಲಿಂಗ ಅವ್ವನ ಮುಂದೆ ಬಾಯಿ ಸತ್ತವ. ಓಣಿಯ ಹುಡುಗರು ದಾನಿಯನ್ನು ಮೂಗಿ ಎಂದು ಕರೆಯುತ್ತಿದ್ದದ್ದು ಆ ಚೀಲಗಳ ಹಿಂದೆಯೂ ಕೇಳಿಸುತ್ತಿತ್ತು. ಅವಳಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ಕೊನೆಗೆ ಅಂಗನವಾಡಿಯ ಅಕ್ಕೋರು ಜಗಳ ಮಾಡಿ ತಾಯಿ ಮಗಳನ್ನು ದೊಡ್ಡ ದವಾಖಾನೆಗೆ ಕರೆದೊಯ್ದರು. ಎರಡೂ ಕಿವಿ ತೀರಾ ಮಂದ, ಅದೂ ಹುಟ್ಟಿನಿಂದ. ಕಿವಿಗೆ ಮಷಿನ್ ಹಾಕಿದರು. ಮಾತು ಕಲಿಸಲು ವಾರಕ್ಕೊಮ್ಮೆ, ಗುರುವಾರ, ಜರೀನಾ ಮೇಡಂ ಹತ್ತಿರ ಬರಲು ಹೇಳಿದರು.

"ಎರಡ ವರ್ಷದಾಗ ತಂದಿದ್ರ ಕೆಲಸ ಹಗರ ಇತ್ತು," ಎಂದಿದ್ದರಂತೆ ಜರೀನಾ. "ಈಗ ದಿನಾ ದುಡೀಬೇಕು. ಎಷ್ಟ ಮಾತು ಬರತಾವೋ ನಾ ಹೇಳಾಕ ಬರೂದಿಲ್ಲ. ಮನ್ಯಾಗೊಂದು ದೊಡ್ಡ ಕನ್ನಡಿ ಇದ್ರ ತಗೊಂಬರ್ರಿ. ಇಲ್ಲಿಗೆ ಸರಕಾರದವರು ಇನ್ನೂ ಕೊಟ್ಟಿಲ್ಲ."

ಕಸ್ತೂರಿ ಬಂದವಳೇ ಚೀಲ ಸರಿಸಿ ನನ್ನನ್ನು ಎಳೆದಳು. ನೀಲವ್ವ ಬಾಗಿಲಿಗೆ ಅಡ್ಡ ನಿಂತಳು. "ಅದನ್ನ ಹೊರಗ ತಗದ್ರ ಒಡದ ಹಾಕ್ತೇನಿ."

"ಒಡೀರಿ. ಮದಲ ನನ್ನ ಕೈಯಾಗಿಂದ ಕಸಗೋರಿ."

ಸೊಸೆಯ ಬಾಯಲ್ಲಿ ಅಂಥ ಮಾತು ನೀಲವ್ವ ಎಂದೂ ಕೇಳಿರಲಿಲ್ಲ. ದಾರಿ ಬಿಟ್ಟಳು.

ಜರೀನಾರ ಕೋಣೆಯಲ್ಲಿ ನನ್ನನ್ನು ಮೇಜಿನ ಮೇಲೆ ನಿಲ್ಲಿಸಿದರು. ದಾನಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಜರೀನಾ ನನ್ನೊಳಗೆ ನೋಡುತ್ತ ತುಟಿ ಮುಚ್ಚಿ ಬಿಡಿಸಿ "ಬ" ಎನ್ನುತ್ತಿದ್ದರು. ಕೂಸಿನ ಅಂಗೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು ನಡುಕ ತೋರಿಸುತ್ತಿದ್ದರು. ಒಂದೊಂದು ಗುರುವಾರವೂ ನೂರು ಸಲ. ಮನೆಯವರೂ ಮುಖಕ್ಕೆ ಮುಖ ಕೊಟ್ಟು ಬಾಯಿಬಿಟ್ಟು ಮಾತಾಡಬೇಕು, ಕೈ ಆಡಿಸುವುದು ಕಡಿಮೆ ಮಾಡಬೇಕು ಎಂದು ಕಟ್ಟುನಿಟ್ಟು. ಐದು ತಿಂಗಳು ಕಳೆದರೂ ಬಬಬ ಎಂಬುದರ ಆಚೆ ಏನೂ ಬರಲಿಲ್ಲ.

ಒಂದು ಗುರುವಾರ ಕಸ್ತೂರಿಗೆ ಜ್ವರ ಬಂದು ನೀಲವ್ವನೇ ಕೂಸನ್ನು ಕರೆತಂದಳು. ನನ್ನನ್ನು ಕಂಡೊಡನೆ ಮುಖ ಸಿಂಡರಿಸಿದಳು.

"ಈ ಕೂಸಿನ ಕಿವಿ ಚೊಲೊ ಇದ್ವರಿ ಅಕ್ಕಾರ. ನಾನ ತಾಟ ಬಾರಿಸಿ ನೋಡೇನಿ. ಈ ಕನ್ನಡಿ ಮುಂದನ ಕುಂತಿತ್ತು, ತಿರುಗಿತು."

ಜರೀನಾ ಕೂಸಿನ ಕಿವಿಯ ಮಷಿನ್ ತೆಗೆದರು, ಒಂದು ತಾಟು, ಸೌಟು ತರಿಸಿ ನೀಲವ್ವನ ಕೈಗೆ ಕೊಟ್ಟರು. "ಬಾರಸ್ರಿ, ಆಯಿ."

ನೀಲವ್ವ ಹಿಂದೆ ನಿಂತು ಬಾರಿಸಿದಳು. ದಾನಿ ನನ್ನೊಳಗೆ ಸೌಟು ಕಂಡು ತಿರುಗಿದಳು. ಮುದುಕಿ ಗೆದ್ದವಳಂತೆ ನಕ್ಕಳು. ಜರೀನಾ ಕೂಸಿಗೆ ಆಡಲು ಮರದ ಗುಂಡುಗಳನ್ನು ಕೊಟ್ಟು, ನನ್ನನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟರು.

"ಈಗ ಬಾರಸ್ರಿ."

ನನಗೆ ಸುಣ್ಣದ ಗೋಡೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಢಣ್ ಎಂದಿತು. ಇನ್ನೊಮ್ಮೆ, ಇನ್ನೂ ಜೋರಾಗಿ. "ದಾನೀ" ಎಂದು ನೀಲವ್ವ ಕೂಗಿದಳು, ಮತ್ತೆ ಬಾರಿಸಿದಳು, ಪಕ್ಕದ ಕೋಣೆಯವರು ಬಂದು ಇಣುಕುವಷ್ಟು ಬಾರಿಸಿದಳು. ಆ ಗದ್ದಲದ ನಡುವೆ ದಾನಿ ಮರದ ಗುಂಡುಗಳನ್ನು ಒಂದೊಂದಾಗಿ ಜೋಡಿಸುವ ಟಕ್, ಟಕ್ ಸದ್ದು ನಿಲ್ಲಲೇ ಇಲ್ಲ. ಕೊನೆಗೆ ನಿಂತದ್ದು ಸೌಟು.

"ಹಂಗಾರ ಆ ಎರಡ ವರುಷ?" ಎಂದಳು ನೀಲವ್ವ.

"ಅವು ಹೊಳ್ಳಿ ಬರೂದಿಲ್ಲ, ಆಯಿ."

ಗೋಡೆ ನೋಡುತ್ತ ನಿಂತಿದ್ದ ನನಗೂ ಅವತ್ತು ಬುದ್ಧಿ ಬಂತು. ಕೂಸಿನ ಮಾತನ್ನು ನಾನು ಕಸಿದಿರಲಿಲ್ಲ, ಆ ಆರೋಪ ಶುದ್ಧ ಸುಳ್ಳು. ಆದರೆ ಮುದುಕಿಯ ಸೌಟನ್ನು ಕೂಸಿಗೆ ತೋರಿಸಿಕೊಟ್ಟವನು ನಾನೇ. ಅವಳು ಬಾರಿಸಿದಳು, ನಾನು ಸುಳ್ಳು ಸಾಕ್ಷಿ ಹೇಳಿದೆ. ಅದಕ್ಕೆ ಮಾತ್ರ ನನ್ನನ್ನು ಯಾರೂ ಬೈಯಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬೆನ್ನಿನ ಬಣ್ಣ ಸುಲಿದು ಮೈತುಂಬ ಕಪ್ಪು ಮಚ್ಚೆ ಎದ್ದಿವೆ. ಆ ಮೇಜಿನ ಮೇಲೆ ಒಡೆಯದ ಪ್ಲಾಸ್ಟಿಕ್ ಕನ್ನಡಿ ಬಂದು ಕೂತಿದೆ, ನಾನು ಕಪಾಟಿನ ಸಂದಿಯಲ್ಲಿ ಒರಗಿದ್ದೇನೆ. ದಾನಿ ಎರಡನೇ ಇಯತ್ತೆಯಲ್ಲಿದ್ದಾಳೆ. ಅವಳ ಮಾತು ಹೊರಗಿನವರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ನೀಲವ್ವನನ್ನು ನಾನು ಕ್ಷಮಿಸಿದ್ದೇನೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೂ ಒಂದು ಗುರುವಾರದ ಸಂಗತಿ ಹೇಳದೆ ಸುಮ್ಮನಾಗಲಾರೆ.

ತಾಟು ಬಾರಿಸಿದ ಮರುವಾರದಿಂದ ಮುದುಕಿ ಸೊಸೆಯ ಜೊತೆ ತಪ್ಪದೆ ಬರತೊಡಗಿದಳು. ದಾನಿಗೆ ಅವಳೆಂದರೆ ಆಗದು. ಎರಡು ತಿಂಗಳಾದ ಮೇಲೆ ಒಂದು ದಿನ ನೀಲವ್ವ ಎರಡೂ ಕೈ ಚಾಚಿ ಕೂಸನ್ನು ತೊಡೆಗೆ ಎಳೆದುಕೊಳ್ಳಲು ಹೋದಳು. ದಾನಿ ಆ ಕೈಗಳನ್ನು ತಳ್ಳಿ, ತುಟಿ ಕೂಡಿಸಿ ಬಿಡಿಸಿ ಅಂದಳು:

"ಬ್ಯಾಡ."

ಅದು ಅವಳ ಮೊದಲ ಮಾತು. ಜರೀನಾ ಪೆನ್ನು ಕೆಳಗಿಟ್ಟರು. ಕಸ್ತೂರಿ ಹೆದರಿ ಅತ್ತೆಯ ಮುಖ ನೋಡಿದಳು. ಮುದುಕಿಗೆ ತಕ್ಕ ಶಾಸ್ತಿಯಾಯಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ನೀಲವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, ಮತ್ತೆ ಚಾಚಿದಳು.

"ಬ್ಯಾಡ."

ಅವಳು ಮತ್ತೆ ಚಾಚಿದಳು. ಕೂಸು ಹತ್ತಿರ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬ್ಯಾಡ ಎನ್ನಿಸಿಕೊಳ್ಳಲೆಂದೇ ಅವತ್ತು ಆ ಮುದುಕಿ ಹನ್ನೊಂದು ಸಲ ಕೈ ಚಾಚಿದಳು.