ಎರಡು ಸಂಘ, ಒಂದೇ ಸರದಿ

ಪಟಾಲಮ್ಮ ಸೈಟಿಗಾಗಿ ಕಾಯಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಬಿನ್ನಿಪೇಟೆಯ ಗಿರಣಿ ಕೆಲಸಗಾರರ ಗೃಹ ನಿರ್ಮಾಣ ಸಂಘದಲ್ಲಿ ಆಕೆಯ ಗಂಡನಿಗೆ ಮೂರನೇ ನಂಬರು ಬಿದ್ದಿತ್ತು. ಗಿರಣಿ ಹೋಯಿತು, ಗಂಡ ಹೋದ, ನಂಬರು ಆಕೆಯ ಹೆಸರಿಗೆ ಉಳಿಯಿತು. ನಲವತ್ತೊಂದು ಸದಸ್ಯರ ಆ ಸಂಘದಲ್ಲಿ ಕಂತಿನ ಹಣವಿತ್ತು, ಜಮೀನಿರಲಿಲ್ಲ. ಸುಂಕದಕಟ್ಟೆಯ ರೈತರ ಸಂಘಕ್ಕೆ ಜಮೀನಿತ್ತು, ರಸ್ತೆ ಚರಂಡಿ ಮಾಡಿಸಲು ದುಡ್ಡಿರಲಿಲ್ಲ. ಎರಡೂ ಒಂದಾಗುವುದೆಂದು ಮಾತಾಯಿತು.

ಭಾನುವಾರ ಸುಂಕದಕಟ್ಟೆಯಲ್ಲಿ ಸಭೆ. ರೈತರ ಸಂಘದ ಕಾರ್ಯದರ್ಶಿ ಯೋಗಾನಂದ ಕೂಡಿಸಿದ ಪಟ್ಟಿ ಓದಿದ. ಮೊದಲು ತಮ್ಮವರ ನೂರಹನ್ನೆರಡು ಹೆಸರು, ಆಮೇಲೆ ಬಿನ್ನಿಪೇಟೆಯವರು. ಮೊದಲ ಹಂತದಲ್ಲಿ ಅರವತ್ತೇ ಸೈಟು. ಪಟಾಲಮ್ಮನದು ನೂರಹದಿನೈದು.

ಆಕೆ ಎದ್ದು ನಿಂತಳು. "ಏನಪ್ಪಾ, ಇಷ್ಟು ವರ್ಷ ಕ್ಯೂನಲ್ಲಿ ನಿಂತು ಮುಂದೆ ಬಂದೋಳ್ನ ಬಾಲಕ್ಕೆ ಕಳಿಸ್ತೀರಲ್ಲ! ನಂಗೀಗ ಅರವತ್ತೆಂಟು. ಸೈಟನ್ನ ಸ್ಮಶಾನದಲ್ಲೇ ಕೊಡ್ತೀರಾ?"

ಯಾರೋ ನಕ್ಕರು. "ಜಮೀನು ನಮ್ದಲ್ವೇನಮ್ಮಾ?" ಎಂದ ಯೋಗಾನಂದ.

ಅಧ್ಯಕ್ಷ ಹನುಮಂತಯ್ಯ ಕನ್ನಡಕ ತೆಗೆದರು. ಅವರ ತಂದೆ ಊರ ಕೆರೆಯ ನೀರುಗಂಟಿಯಾಗಿದ್ದವರು, ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವರು. ಗುದ್ದಲಿ ಹಿಡಿದು ಅವರ ಹಿಂದೆ ನಡೆದ ಮಗನಿಗೆ ಮಾತು ನಿಧಾನ.

"ಪಟ್ಟಿ ಕೆಳಗಿಡು, ಯೋಗಾನಂದ. ನಮ್ಮ ಕಾಲುವೆಗೆ ಮೇಲಿನ ಊರೋರ ಕಾಲುವೆ ಬಂದು ಸೇರ್ತಿತ್ತು. ನಮ್ಮಪ್ಪ ಮೊದ್ಲು ಅವರದೊಂದು ಗದ್ದೆಗೆ ಬಿಡೋರು, ಆಮೇಲೆ ನಮ್ದೊಂದಕ್ಕೆ. ಇಲ್ದಿದ್ರೆ ಮಾರನೇ ವರ್ಷ ಅವ್ರು ನೀರು ಕೂಡಿಸ್ತಿದ್ರಾ? ಅವರದೊಂದು ಹೆಸರು, ನಮ್ದೊಂದು. ಹಂಗೆ ಬರಿ."

ಯೋಗಾನಂದ ಪಿಸುಗುಟ್ಟಿದ. ಮೈಕು ಕೈಯಲ್ಲೇ ಇದ್ದುದರಿಂದ ಸಭೆಗೆಲ್ಲ ಕೇಳಿತು. "ಸಾರ್, ನಿಮ್ಮ ನಂಬರು ನಲವತ್ತೆಂಟು. ಹಂಗ್ ಮಾಡಿದ್ರೆ ಈ ಸಲ ನಿಮಗೇ ಸಿಗಲ್ಲ."

"ನೀರುಗಂಟಿ ಗದ್ದೆ ಕೊನೆಗೇ ಕಣಯ್ಯಾ ಕುಡಿಯೋದು. ಬರಿ."

ಹಿಂದಿನ ಸಾಲಿನಿಂದ ಸುಂಕದಕಟ್ಟೆಯ ವಿಮಲಮ್ಮ ಕೈ ಎತ್ತಿದಳು. "ನಂದು ನಲವತ್ತು. ನಂದೂ ಹೋಗ್ತದೆ. ಹೋಗ್ಲಿ, ಎರಡನೇ ಹಂತಕ್ಕೆ ತಗೋತೀನಿ. ಬರ್ಕೊಳಪ್ಪಾ."

ಆಮೇಲೆ ಒಂದೊಂದಾಗಿ ಕೈಗಳು ಎದ್ದವು. ಯೋಗಾನಂದ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಮೊದಲಿನಿಂದ ಬರೆದ. ಪಟಾಲಮ್ಮನದು ಐದನೆಯ ಹೆಸರಾಯಿತು. ಆಕೆ ಎರಡು ಸಲ ಓದಿಸಿ ಕೇಳಿದಳು.

ಹೊರಡುವಾಗ ಹನುಮಂತಯ್ಯನ ಮುಂದೆ ನಿಂತಳು. "ಅಣ್ಣಾ, ಗೃಹಪ್ರವೇಶಕ್ಕೆ ಬರ್ಬೇಕು. ಮೊದಲ ಪಂಕ್ತೀಲೇ ಕೂರ್ಬೇಕು."

"ಬರ್ತೀನಿ ಕಣಮ್ಮಾ. ಕೊನೇ ಪಂಕ್ತಿಗೆ ಪಾಯಸ ಮಿಕ್ಕಿರ್ಲಿ, ಸಾಕು."